ಕಾಡಂಚಿನ ಬಾಡಿಗೆ ಗುಡಿಸಲು: ಕಿಟ್ ಬೇಡ, ಒಣ ಸೌದೆ ಬೇಕು

ಮಳೆಗಾಲದಲ್ಲಿ ಕಾಡಿನ ಪಕ್ಕ ಒಬ್ಬರೇ ಇರಬೇಕು, ಕರೆಂಟು ಬೇಡ, ಜನ ಬೇಡ, ಅಡುಗೆ ನಾವೇ ಮಾಡಿಕೊಳ್ಳಬೇಕು ಅನ್ನುವವರಿಗೆ ಆಗುಂಬೆ, ತೀರ್ಥಹಳ್ಳಿ ಕಡೆ ಈಗ ಗುಡಿಸಲುಗಳು ಬಾಡಿಗೆಗೆ ಸಿಗುತ್ತಿವೆ. ಅಂಥದ್ದೊಂದಕ್ಕೆ ಆರಿದ್ರೆ ಮಳೆ ಹಿಡಿದ ಮೇಲೆ ಹೋಗಿ, ಪುಷ್ಯ ಮಳೆ ಕಳೆಯುವವರೆಗೆ ಇದ್ದು ಬಂದೆ. ಜಾಗದ ಹೆಸರು ಹಾಕುತ್ತಿಲ್ಲ. ಇರುವುದೇ ಒಂದು ಗುಡಿಸಲು. ಮಾಲೀಕರು ಅಡಿಕೆ ತೋಟದ ಗೌಡರು. "ಹೆಸರು ಗಿಸರು ಹಾಕ್ಬೇಡಿ ಮಾರಾಯ್ರೆ, ಆಮೇಲೆ ಕಾರು ತಗೊಂಡು ಜನ ಬಂದು ಅಂಗಳದಲ್ಲಿ ನಿಲ್ತಾರೆ" ಅಂದರು. ನಾನು ಇಲ್ಲಿ ಬೈಯುವುದೂ ಸ್ವಲ್ಪ ಇದೆ, ಆದ್ದರಿಂದ ಇಬ್ಬರಿಗೂ ಒಳ್ಳೆಯದೇ ಆಯಿತು.

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಗುಡಿಸಲಿಗೆ ಐದಕ್ಕೆ ನಾಲ್ಕು. ಬುಕಿಂಗ್ ಮಾಡಿಸುವವರು ಅದರ ಜೊತೆ ಮಾರುವ "ಜಂಗಲ್ ಸರ್ವೈವಲ್ ಕಿಟ್"ಗೆ ಐದಕ್ಕೆ ಒಂದು, ಆ ಒಂದೂ ಉಂಬಳ (ಕಾಡಿನ ಜಿಗಣೆ) ಕಚ್ಚದಂತೆ ಹಾಕುವ ಕಾಲುಚೀಲಕ್ಕೆ. ಹಳ್ಳ ದಾಟುವ ಸಂಕಕ್ಕೆ, ಅಂದರೆ ಮರದ ಕಾಲುಸೇತುವೆಗೆ, ಸೊನ್ನೆ.

ಒಂದು ವಿಷಯ ಗೊತ್ತಿರಲಿ. ಕಾಡಿನೊಳಗೇ ಟೆಂಟ್ ಹಾಕಿಕೊಂಡು ಒಬ್ಬನೇ ಇರ್ತೀನಿ ಅನ್ನುವ ಆಸೆ ಇದ್ದರೆ ಬಿಟ್ಟುಬಿಡಿ. ಆಗುಂಬೆ ಸುತ್ತ ಮೀಸಲು ಅರಣ್ಯ ಇದೆ, ಘಾಟಿ ಇಳಿದರೆ ಸೋಮೇಶ್ವರ ಅಭಯಾರಣ್ಯ. ಅನುಮತಿ ಇಲ್ಲದೆ ಒಳಗೆ ಹೋಗಿ ಉಳಿಯುವುದು, ಬೆಂಕಿ ಹಾಕುವುದು, ಮರ ಕಡಿಯುವುದು ಎಲ್ಲ ಅಪರಾಧ. 1963ರ ಕರ್ನಾಟಕ ಅರಣ್ಯ ಕಾಯ್ದೆ ಒಂದು ಕಡೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೊಂದು ಕಡೆ. ವಿಡಿಯೋಗಳಲ್ಲಿ ಬಿದಿರು ಕಡಿದು ಮನೆ ಕಟ್ಟಿಕೊಂಡು, ತೊರೆಯಲ್ಲಿ ಮೀನು ಹಿಡಿದು ಸುಟ್ಟು ತಿನ್ನುತ್ತಾರಲ್ಲ, ಅದನ್ನು ಇಲ್ಲಿ ಮಾಡಿದರೆ ಮೊದಲು ಸಿಗುವುದು ಗಾರ್ಡು. ಹಾಗಾಗಿ ನಮಗೆ ಉಳಿಯುವ ದಾರಿ ಕಾಡಿಗೆ ಅಂಟಿಕೊಂಡಿರುವ ಸ್ವಂತ ಹಿಡುವಳಿ ಜಾಗ. ಈ ಗುಡಿಸಲು ಅಂಥ ಜಾಗದಲ್ಲಿದೆ. ತೋಟ ಮುಗಿಯುವ ಕಡೆ, ಸೊಪ್ಪಿನ ಬೆಟ್ಟ ಶುರುವಾಗುವ ಕಡೆ. ಹಿಂದೆ ಕಾಡುಹಂದಿ ಬಾರದಂತೆ ಕಾಯಲು ಕಟ್ಟಿದ್ದಂತೆ.

ಮಣ್ಣಿನ ಗೋಡೆ, ಮಂಗಳೂರು ಹೆಂಚು, ಮಳೆ ಹೊಡೆಯುವ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ. ಒಂದು ಕೋಣೆ, ಮುಂದೆ ಜಗಲಿ, ಮೂಲೆಯಲ್ಲಿ ಮಣ್ಣಿನ ಒಲೆ, ಒಲೆಯ ಮೇಲೆ ಅಟ್ಟ. ಹಿಂದೆ ಬಚ್ಚಲು, ಅದರಲ್ಲಿ ಹಂಡೆ. ಪಾಯಖಾನೆ ಸ್ವಲ್ಪ ದೂರ, ರಾತ್ರಿ ಹೋಗಬೇಕೆಂದರೆ ಟಾರ್ಚು, ಕೊಡೆ, ಧೈರ್ಯ ಮೂರೂ ಬೇಕು. ಸೋಲಾರ್ ದೀಪ ಇದೆ ಎಂದು ಜಾಹೀರಾತಿನಲ್ಲಿ ಬರೆದಿದ್ದಾರೆ. ಇರುವುದು ನಿಜ. ಆದರೆ ಜುಲೈ ತಿಂಗಳಲ್ಲಿ ಆಗುಂಬೆ ಕಡೆ ಸೋಲಾರ್ ದೀಪ ನಂಬಿಕೊಂಡು ಯಾರಾದರೂ ಇರ್ತಾರಾ? ನಾಲ್ಕು ಜೊತೆ ಬ್ಯಾಟರಿ ಮತ್ತು ಒಂದು ಹೆಡ್ ಟಾರ್ಚ್ ತಗೊಂಡು ಹೋಗಿ. ಲಾಟೀನು ಗೌಡರ ಮನೆಯಲ್ಲಿ ಕೇಳಿದರೆ ಕೊಡುತ್ತಾರೆ.

ಮಳೆಯ ಬಗ್ಗೆ ಸ್ವಲ್ಪ ಲೆಕ್ಕ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದು ಸುಮಾರು 1,000 ಮಿ.ಮೀ. ಆಗುಂಬೆಯ ಸರಾಸರಿ 7,000 ಮಿ.ಮೀ. ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅರಬ್ಬಿ ಸಮುದ್ರದಿಂದ ಬರುವ ಮೋಡ ಕರಾವಳಿ ದಾಟಿ ನೇರ ಘಟ್ಟದ ಗೋಡೆಗೆ ಬಡಿಯುತ್ತದೆ, ಮೇಲೇರುತ್ತದೆ, ತಣಿಯುತ್ತದೆ, ಅಲ್ಲೇ ಸುರಿಯುತ್ತದೆ. ಆಗುಂಬೆ ಇರುವುದು ಆ ಗೋಡೆಯ ತುದಿಯಲ್ಲೇ. ಹೀಗಾಗಿ ಇಲ್ಲಿ ತೊಂದರೆ ಕೊಡುವುದು ಹುಲಿ ಅಲ್ಲ, ಹಾವೂ ಅಲ್ಲ. ತೇವ. ಬಟ್ಟೆ ಒಣಗುವುದಿಲ್ಲ ಅನ್ನುವುದು ಚಿಕ್ಕ ಮಾತು. ಉಪ್ಪು ನೀರಾಗುತ್ತದೆ, ಬೆಲ್ಲ ಕರಗಿ ಹರಿಯುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆ, ಚರ್ಮದ ಬೆಲ್ಟಿನ ಮೇಲೆ ಹಸಿರು ಬೂಷ್ಟು, ಪುಸ್ತಕದ ಹಾಳೆ ಉಬ್ಬುತ್ತದೆ, ಕ್ಯಾಮೆರಾದ ಗಾಜಿನ ಒಳಗೂ ಬೂಷ್ಟು ಕೂರುತ್ತದೆ. ಮಲಗುವಾಗ ಹೊದಿಕೆ ತಣ್ಣಗೆ ಮೈಗೆ ಅಂಟುತ್ತದೆ. ಹೀಗೆ ಕೆಲವು ದಿನ ಕಳೆದರೆ ಕಾಲಿನ ಬೆರಳ ಸಂದಿ ಕೊಳೆಯಲು ಶುರುವಾಗುತ್ತದೆ.

ಇದಕ್ಕೆಲ್ಲ ಇರುವ ಮದ್ದು ಒಂದೇ, ಬೆಂಕಿ. ಬೆಂಕಿಗೆ ಬೇಕಾದ್ದು ಒಣ ಸೌದೆ. ಈ ಗುಡಿಸಲಿಗೆ ನಾನು ನಾಲ್ಕು ಅಂಕ ಕೊಟ್ಟಿರುವುದು ಆ ಕಾರಣಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಗುಡಿಸಲ ಹಿಂದಿನ ಚಾವಣಿಯಲ್ಲಿ ಆಳೆತ್ತರ ಸೌದೆ ಒಟ್ಟಿದೆ. ಮಾರ್ಚ್ ತಿಂಗಳಲ್ಲಿ ಸೀಳಿ, ಏಪ್ರಿಲ್ ಬಿಸಿಲಿನಲ್ಲಿ ಒಣಗಿಸಿ, ಮೊದಲ ಮಳೆಗೆ ಮುಂಚೆ ಒಳಗೆ ಹಾಕಿದ್ದು. ಬೇಗ ಹತ್ತಿಕೊಳ್ಳಲು ಅಡಿಕೆ ದಬ್ಬೆ ಬೇರೆ, ನಿಧಾನ ಉರಿದು ಕೆಂಡ ಬೀಳಲು ದಪ್ಪ ಕುಂಟೆ ಬೇರೆ. ಒಂದು ಮೂಟೆ ತೆಂಗಿನ ಸಿಪ್ಪೆ, ಒಂದು ಮೂಟೆ ಒಣ ಅಡಿಕೆ ಸಿಪ್ಪೆ. ಒಂದು ಡಬ್ಬಿಯಲ್ಲಿ ಧೂಪದ ಮರದ ಅಂಟು. ಎಷ್ಟು ತಂಡಿ ಇದ್ದರೂ ಆ ಅಂಟು ಒಂದು ಚೂರು ಇಟ್ಟು ಕಡ್ಡಿ ತೋರಿಸಿದರೆ ಸಾಕು, ಕಪ್ಪು ಹೊಗೆ ಬಿಟ್ಟು ಹತ್ತಿಕೊಳ್ಳುತ್ತದೆ. ಬೆಂಕಿಪೊಟ್ಟಣ ಇಡಲು ಒಲೆಯ ಮೇಲೆ ನೆಲುವಿನಲ್ಲಿ ತೂಗುಹಾಕಿದ ಕರಟ, ಅದರ ಪಕ್ಕದಲ್ಲೇ ಉಪ್ಪಿನ ಭರಣಿ. ಯಾವ ಜಾಹೀರಾತಿನಲ್ಲೂ ಇದರ ಬಗ್ಗೆ ಒಂದು ಸಾಲು ಇಲ್ಲ! ಚಿತ್ರದಲ್ಲಿ ಇರುವುದು ಜೋಳಿಗೆ ಹಾಸಿಗೆಯಲ್ಲಿ ಮಲಗಿ ಕಾಫಿ ಕುಡಿಯುವ ಹುಡುಗ.

ನಿಜ ಹೇಳಬೇಕೆಂದರೆ ಇಲ್ಲಿ ನೀವು ದುಡ್ಡು ಕೊಡುವುದು ಕಾಡಿಗೂ ಅಲ್ಲ, ಏಕಾಂತಕ್ಕೂ ಅಲ್ಲ. ಬೇಸಿಗೆಯಲ್ಲಿ ಬೇರೆ ಯಾರೋ ಬೆವರು ಸುರಿಸಿ ಒಟ್ಟಿಟ್ಟ ಸೌದೆಗೆ. ಹಸಿ ಕಟ್ಟಿಗೆಯಲ್ಲಿ ಅನ್ನ ಮಾಡಲು ಒಂದು ಸಲ ನೋಡಿ, ಊದುಕೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪಾಗುತ್ತದೆ, ಅಕ್ಕಿ ನೆನೆಯುತ್ತದೆ ಹೊರತು ಬೇಯುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆ ಆರುವುದೇ ಇಲ್ಲ ಯಾಕೆ ಅಂತ ಅಲ್ಲಿ ತಿಳಿಯಿತು. ಸ್ನಾನ ಒಂದಕ್ಕೇ ಅಲ್ಲ ಅದು. ಹಂಡೆಯ ಮೇಲಿನ ಗಳುವಿನಲ್ಲಿ ಬಟ್ಟೆ ಒಣಗುತ್ತದೆ, ಬೂದಿಯಲ್ಲಿ ಹಲಸಿನ ಬೀಜ ಸುಡುತ್ತದೆ, ಪಕ್ಕದಲ್ಲಿ ನಾಳೆಯ ಸೌದೆ ಬೆಚ್ಚಗಾಗುತ್ತದೆ. ನನ್ನ ದಿನದ ಅರ್ಧ ಹೋದದ್ದು ಬೆಂಕಿ ಕಾಯುವುದರಲ್ಲಿ. ಬೇಜಾರು ಬರಲಿಲ್ಲ. ಆದರೆ ಲ್ಯಾಪ್‌ಟಾಪ್ ತಗೊಂಡು ಹೋಗಿ ಕೆಲಸ ಮಾಡುತ್ತೇನೆ ಅನ್ನುವವರು ಹೋಗಲೇಬೇಡಿ.

ಈಗ ಕಿಟ್ ವಿಷಯ. ಬಾಡಿಗೆ ಬೇರೆ, ಕಿಟ್‌ಗೆ 2,500 ರೂಪಾಯಿ ಬೇರೆ. ಗೌಡರಿಗೂ ಇದಕ್ಕೂ ಸಂಬಂಧ ಇಲ್ಲ, ಬುಕಿಂಗ್ ಮಾಡಿಸುವ ಪಾರ್ಟಿ ಬೆಂಗಳೂರಿನಿಂದ ಕಳಿಸುವುದು. ಒಳಗೆ ಏನಿದೆ ಎಂದು ಗೌಡರೇ ನನ್ನ ಮುಂದೆ ಬಿಚ್ಚಿ ನೋಡಿ ನಕ್ಕರು.

ಮೊದಲನೆಯದು ಕಿಡಿ ಹಾರಿಸುವ ಕಡ್ಡಿ. ಉಕ್ಕಿನಿಂದ ಗೀರಿದರೆ ಜೋರಾಗಿ ಕಿಡಿ ಬರುತ್ತದೆ, ಒಳ್ಳೆ ವಸ್ತುವೇ. ಆದರೆ ಕಿಡಿ ಬೀಳಲು ಒಣ ನಾರು ಬೇಕಲ್ಲ? ಒಣ ನಾರು ಇರುವ ಜಾಗದಲ್ಲಿ ಒಣ ಬೆಂಕಿಪೊಟ್ಟಣವೂ ಇರುತ್ತದೆ. ಎರಡನೆಯದು ಗರಗಸದ ಹಲ್ಲಿರುವ, ಹಿಡಿಯಲ್ಲಿ ದಿಕ್ಸೂಚಿ ಇರುವ ದೊಡ್ಡ ಚಾಕು. ನೋಡಲು ಭರ್ಜರಿ. ಕಳೆ ಸವರಿದರೆ ಜಾರುತ್ತದೆ, ತೆಂಗಿನಕಾಯಿ ಸುಲಿಯಲು ಹೋದರೆ ಕೈಗೆ ಬರುತ್ತದೆ. ಗುಡಿಸಲಿನಲ್ಲೇ ಊರಿನ ಆಚಾರಿ ಮಾಡಿಕೊಟ್ಟ ಕತ್ತಿ ಒಂದು ಗೋಡೆಗೆ ಸಿಕ್ಕಿಸಿದೆ. ತುದಿ ಬಾಗಿರುತ್ತದೆ, ಭಾರವೆಲ್ಲ ಮುಂದಕ್ಕೆ. ಸೌದೆ ಸೀಳುವುದು, ದಾರಿಯ ಮುಳ್ಳು ಸವರುವುದು, ಬಾಳೆ ಎಲೆ ಕೊಯ್ಯುವುದು, ಕಾಯಿ ಒಡೆಯುವುದು ಎಲ್ಲ ಅದರಲ್ಲೇ. ಸೊಂಟದ ಹಿಂದೆ ಕೊಕ್ಕೆಗೆ ಸಿಕ್ಕಿಸಿಕೊಂಡು ಹೋದರೆ ಎರಡೂ ಕೈ ಖಾಲಿ. ಆ ಚಾಕು ಹುಟ್ಟಿದ ಫ್ಯಾಕ್ಟರಿಯವರು ಯಾರೂ ಒಂದು ದಿನವಾದರೂ ತೋಟದ ಕೆಲಸ ಮಾಡಿದವರಲ್ಲ.

ಜೋಳಿಗೆ ಹಾಸಿಗೆ ಬೇಸಿಗೆಗೆ ಚೆನ್ನಾಗಿರಬಹುದು. ಮಳೆಗಾಲದಲ್ಲಿ ಅದನ್ನು ಮರಕ್ಕೆ ಕಟ್ಟಿದರೆ ಹಗ್ಗದ ಮೇಲೇ ನೀರು ಹರಿದು ಒಳಗೆ ಬರುತ್ತದೆ. ಜಗಲಿಯಲ್ಲಿ ಕಟ್ಟಿದೆ, ಅಡಿಯಿಂದ ಗಾಳಿ ಹೊಡೆದು ಬೆನ್ನು ಕೊರೆಯಿತು. ಪಶ್ಚಿಮ ಘಟ್ಟ ಉಷ್ಣವಲಯ ಅಂದ ಮಾತ್ರಕ್ಕೆ ಸೆಕೆ ಇರುತ್ತೆ ಅಂತ ಅಲ್ಲ, ಮೈ ಒದ್ದೆ ಇದ್ದರೆ ಇಪ್ಪತ್ತು ಡಿಗ್ರಿಗೇ ಹಲ್ಲು ಕಟಕಟ ಅನ್ನುತ್ತವೆ. ಪ್ಲಾಸ್ಟಿಕ್ ರೇನ್‌ಕೋಟು ಕೊಟ್ಟಿದ್ದರು. ಹತ್ತು ಹೆಜ್ಜೆ ಹತ್ತಿದರೆ ಒಳಗಿನ ಬೆವರಿಗೇ ಅಂಗಿ ಒದ್ದೆ. ಇದಕ್ಕೆ ಬದಲಾಗಿ ಒಂದು ಕಂಬಳಿ ತಗೊಳ್ಳಿ, ಚಳ್ಳಕೆರೆ ಕಡೆ ಕುರಿ ಉಣ್ಣೆಯಲ್ಲಿ ನೇಯ್ದದ್ದು. ಕೊಪ್ಪೆ ಹಾಕಿಕೊಂಡರೆ ಮಳೆ ಮೇಲಿಂದಲೇ ಜಾರುತ್ತದೆ, ನೆನೆದ ಮೇಲೂ ಮೈ ಬೆಚ್ಚಗೇ ಇರುತ್ತದೆ. ಕುರಿ ವಾಸನೆ ಬರುತ್ತದೆ, ಹೌದು. ಒಬ್ಬರೇ ಇರುವವರಿಗೆ ವಾಸನೆಯ ಚಿಂತೆ ಯಾಕೆ? ರಾತ್ರಿ ಹೊದೆಯಲೂ ಅದೇ. ಹಳೇ ಕಾಲದ ಗೊರಬು (ಎಲೆಯಿಂದ ಹೆಣೆದ ಮಳೆಹೊದಿಕೆ) ಇನ್ನೂ ಅಟ್ಟದ ಮೇಲೆ ಒಂದಿತ್ತು, ತೂತು ಬಿದ್ದಿತ್ತು.

ಉಂಬಳದ ಕಾಲುಚೀಲ ಮಾತ್ರ ಕಿಟ್‌ನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಸಾಮಾನು. ಒತ್ತಾಗಿ ನೇಯ್ದ ಬಟ್ಟೆ, ಮಂಡಿಯವರೆಗೆ ಬರುತ್ತದೆ, ಅಲ್ಲಿ ದಾರ ಬಿಗಿಯಬೇಕು. ಉಂಬಳ ನೇಯ್ಗೆಯ ಸಂದಿಯಲ್ಲಿ ತೂರಲಾಗದೆ ಮೇಲೇರುತ್ತಲೇ ಇರುತ್ತದೆ, ಬಿಳಿ ಬಟ್ಟೆಯಾದರೆ ಕಣ್ಣಿಗೆ ಬೀಳುತ್ತದೆ, ತೆಗೆದು ಬಿಸಾಡಬಹುದು. ಬರೀ ಗಂಬೂಟು ನಂಬಬೇಡಿ, ಅದರ ಮೇಲೇ ಹತ್ತಿ ಒಳಗೆ ಇಳಿಯುತ್ತವೆ. ಗೌಡರ ಮನೆಯಲ್ಲಿ ಹೊಗೆಸೊಪ್ಪು, ಸುಣ್ಣ ಕಲಸಿ ಬಟ್ಟೆಯಲ್ಲಿ ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಳ್ಳುತ್ತಾರೆ, ಕಚ್ಚಿದಲ್ಲಿಗೆ ಮುಟ್ಟಿಸಿದರೆ ಉದುರುತ್ತದೆ. ಕಚ್ಚಿದ್ದು ಗೊತ್ತಾಗುವುದೇ ಇಲ್ಲ, ಬಿಟ್ಟ ಮೇಲೆ ರಕ್ತ ನಿಲ್ಲುವುದಿಲ್ಲ. ಜಿಗಣೆ ಜಾತಿಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಥರದ ವಸ್ತು ಇರುತ್ತದೆ, ಅದರ ಕೆಲಸ ಅದು. ಹೆದರುವಂಥದ್ದೇನೂ ಇಲ್ಲ. ಕೆರೆದುಕೊಂಡು ಹುಣ್ಣು ಮಾಡಿಕೊಂಡರೆ ಮಾತ್ರ ತೊಂದರೆ, ಆ ತೇವದಲ್ಲಿ ಹುಣ್ಣು ಒಣಗುವುದಿಲ್ಲ.

ಹಾವಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಆಗುಂಬೆ ಅಂದರೆ ಕಾಳಿಂಗ ಸರ್ಪ, ಅಲ್ವಾ. ಹಾವು ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದಕ್ಕೂ ಕಾಳಿಂಗವೇ ದೊಡ್ಡ ಕಾರಣ. ಅದು ತಿನ್ನುವುದು ಬೇರೆ ಹಾವುಗಳನ್ನು, ನಮ್ಮನ್ನು ಕಂಡರೆ ಸಾಮಾನ್ಯವಾಗಿ ತಾನೇ ಜಾಗ ಬಿಡುತ್ತದೆ. ನಾನು ಹೆಚ್ಚು ಹುಷಾರಾಗಿದ್ದದ್ದು ಗುಳಿಮಂಡಲಗಳ ವಿಷಯದಲ್ಲಿ. ಎಲೆ ಬಣ್ಣದ್ದು, ಕಂದು ಬಣ್ಣದ್ದು, ಹಳದಿ ಬಣ್ಣದ್ದು ಎಲ್ಲ ಇರುತ್ತವೆ, ಮಳೆಗಾಲದಲ್ಲಿ ಒಂದೇ ಕೊಂಬೆಯ ಮೇಲೆ ದಿನಗಟ್ಟಲೆ ಅಲುಗದೆ ಕೂತಿರುತ್ತವೆ, ನಾವು ಹಿಡಿದುಕೊಳ್ಳಲು ಕೈ ಚಾಚುವುದೂ ಅದೇ ಎತ್ತರದ ಕೊಂಬೆಗೆ. ಇದನ್ನು ಒತ್ತಿ ಹೇಳಲು ಕಾರಣ ಇದೆ. ನಮ್ಮ ಆಸ್ಪತ್ರೆಗಳಲ್ಲಿ ಇರುವ ವಿಷಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಗುಳಿಮಂಡಲಕ್ಕಾಗಲಿ, ಕಾಳಿಂಗಕ್ಕಾಗಲಿ ಅದು ಮಾಡಿದ ಮದ್ದಲ್ಲ. ಆದ್ದರಿಂದ ರಾತ್ರಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ, ಸೌದೆ ರಾಶಿಗೆ ನೋಡದೆ ಕೈ ಹಾಕಬೇಡಿ, ಬೂಟು ಕೊಡವದೆ ಹಾಕಬೇಡಿ. ಕಚ್ಚಿದರೆ ಯಾವ ಹಾವು ಎಂದು ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು. ಹೊರಡಬೇಕೆಂದರೆ ಹಳ್ಳ ದಾಟಬೇಕು.

ನನ್ನ ದೊಡ್ಡ ದೂರು ಈ ಹಳ್ಳದ್ದೇ. ಗೌಡರ ಮನೆಗೂ ಗುಡಿಸಲಿಗೂ ನಡುವೆ ಒಂದು ಹಳ್ಳ ಇದೆ. ಅದಕ್ಕೆ ಎರಡು ಅಡಿಕೆ ಮರ ಅಡ್ಡ ಹಾಕಿ, ಒಂದು ಕಡೆ ಹಿಡಿದುಕೊಳ್ಳಲು ಬಿದಿರಿನ ಗಳು ಕಟ್ಟಿದ ಸಂಕ. ಬಿಸಿಲಲ್ಲಿ ಮಕ್ಕಳಾಟ. ಮಳೆಯಲ್ಲಿ ಆ ಮರದ ಮೇಲೆ ಪಾಚಿ ಬೆಳೆಯುತ್ತದೆ, ಕೆಳಗೆ ಕೆಂಪು ನೀರು ಮರದ ಬೊಡ್ಡೆಗಳನ್ನೇ ಎಳೆದುಕೊಂಡು ಹೋಗುತ್ತಿರುತ್ತದೆ. ಮಲೆನಾಡಿನಲ್ಲಿ ಕಾಲುಸಂಕದಿಂದ ಜಾರಿ ಶಾಲೆ ಮಕ್ಕಳೇ ಹೋಗಿದ್ದಾರೆ, ಇದು ತಮಾಷೆಯ ವಿಷಯ ಅಲ್ಲ. ಪುನರ್ವಸು ಮಳೆ ಜೋರು ಹಿಡಿದಾಗ ನೀರು ಸಂಕ ಮುಟ್ಟಿತು, ಇಳಿಯುವವರೆಗೆ ನಾನು ಈಚೆ, ಅವರು ಆಚೆ. ಜಾಹೀರಾತಿನಲ್ಲಿ ಇದನ್ನು "ತೊರೆ ದಾಟಿ ಹೋಗುವ ರೋಮಾಂಚಕ ದಾರಿ" ಎಂದು ಬರೆದಿದ್ದಾರೆ. ಬರೆದವರನ್ನು ಒಂದು ರಾತ್ರಿ ಅಲ್ಲಿ ಕೂರಿಸಬೇಕು.

ಗೌಡರಿಗೆ ಹೇಳಿದೆ. ಅವರೇನೂ ವಾದ ಮಾಡಲಿಲ್ಲ. "ಹೌದು ಮಾರಾಯ್ರೆ, ಕಬ್ಬಿಣದ್ದು ಹಾಕಿಸ್ಬೇಕು, ಅಡಿಕೆ ರೇಟು ನೋಡ್ಕೊಂಡು ಮಾಡ್ಸ್ತೀನಿ" ಅಂದರು. ಅಡಿಕೆ ರೇಟು ನೋಡುತ್ತ ಕೂತರೆ ಆಯಿತು! ಅಲ್ಲಿಯವರೆಗೆ ಪಾಚಿ ಕೆರೆದು ಮರಳು ಹಾಕಿಸುವುದು, ಮರಕ್ಕೆ ಗೋಣಿ ಹಗ್ಗ ಸುತ್ತುವುದು ಇಷ್ಟಾದರೂ ಮಾಡಬಹುದಿತ್ತು. ಹಗ್ಗ ಕೊನೆಗೆ ನಾನೇ ಸುತ್ತಿದೆ.

ಸಂಪರ್ಕಕ್ಕೆ ಅವರ ವ್ಯವಸ್ಥೆ ಮಾತ್ರ ನನಗೆ ಇಷ್ಟವಾಯಿತು. ಮೊಬೈಲ್ ಸಿಗ್ನಲ್ ಬರುವುದು ದಿಬ್ಬದ ಮೇಲೆ ಒಂದು ಕಡೆ, ಅದೂ ಮನಸ್ಸು ಬಂದಾಗ. ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ಗೌಡರು ಆಚೆಯಿಂದ ಒಂದು ಕೂ ಹಾಕುತ್ತಾರೆ, ನಾವು ಈಚೆಯಿಂದ ಒಂದು ಕೂ ಹಾಕಬೇಕು. ಮಳೆ ಸದ್ದಿಗೆ ಕೇಳಿಸದಿದ್ದರೆ ಟಾರ್ಚ್ ಎತ್ತಿ ಆಡಿಸಬೇಕು. ಎರಡೂ ಇಲ್ಲದಿದ್ದರೆ ಬೆಳಿಗ್ಗೆ ಆಳು ಕಳಿಸುತ್ತಾರೆ. ದುಡ್ಡು ಕೊಟ್ಟರೂ ಇಂಥ ಸೇವೆ ಬೇರೆ ಕಡೆ ಸಿಗುವುದು ಕಷ್ಟ. ಒಬ್ಬರೇ ಇರಬೇಕು ಎಂದು ಬಂದವರು ಸಂಜೆ ಆ ಕೂಗಿಗೆ ಕಾಯುತ್ತ ಜಗಲಿಯಲ್ಲಿ ನಿಲ್ಲುತ್ತಾರೆ, ನಾನೂ ನಿಲ್ಲುತ್ತಿದ್ದೆ.

ನೀರಿಗೆ ತೊಂದರೆ ಇಲ್ಲ. ಮೇಲಿನ ಗುಡ್ಡದ ಝರಿಯಿಂದ ಪೈಪಿನಲ್ಲಿ ಅಬ್ಬಿ ನೀರು ಸದಾ ಬೀಳುತ್ತಿರುತ್ತದೆ, ಪಂಪು ಬೇಡ, ಕರೆಂಟು ಬೇಡ. ಜೋರು ಮಳೆ ಬಂದ ಮರುದಿನ ಪೈಪಿನ ಬಾಯಿಗೆ ಎಲೆ ಕಟ್ಟಿಕೊಳ್ಳುತ್ತದೆ, ಹತ್ತಿ ಹೋಗಿ ಬಿಡಿಸಬೇಕು, ಅದು ನಮ್ಮದೇ ಕೆಲಸ. ಎಷ್ಟು ತಿಳಿಯಾಗಿ ಕಂಡರೂ ಕುದಿಸಿ ಕುಡಿಯಿರಿ. ಕಾಲಲ್ಲಿ ಗಾಯ ಇದ್ದರೆ ಗದ್ದೆಯ ನಿಂತ ನೀರಿಗೆ ಇಳಿಯಬೇಡಿ, ಮಳೆಗಾಲದಲ್ಲಿ ಇಲಿಜ್ವರ ಈ ಕಡೆ ಬರುತ್ತಿರುತ್ತದೆ. ಬೇಸಿಗೆಗೆ ಹೋಗುವ ಯೋಚನೆ ಇರುವವರಿಗೆ ಬೇರೆ ಚಿಂತೆ ಇದೆ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ (ಉಣ್ಣೆ ಹುಳುವಿನಿಂದ) ಹರಡುತ್ತದೆ, ಡಿಸೆಂಬರ್‌ನಿಂದ ಮೇ ವರೆಗೆ ಅದರ ಕಾಲ. ಆಗ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ತರಗೆಲೆ ಮೇಲೆ ಕೂರುವುದು, ಮಲಗುವುದು ಬೇಡ. ಉಂಬಳ ಕಚ್ಚಿದರೆ ಹೋಗುವುದು ಒಂದು ಹನಿ ರಕ್ತ, ಆದ್ದರಿಂದ ನನ್ನ ಓಟು ಮಳೆಗಾಲಕ್ಕೇ.

ಊಟ. ಅಕ್ಕಿ, ಬೇಳೆ, ಮೆಣಸಿನಕಾಯಿ, ಒಣಮೀನು, ಉಪ್ಪಿನಕಾಯಿ, ಎಣ್ಣೆ ತೀರ್ಥಹಳ್ಳಿಯಲ್ಲೇ ತಗೊಂಡು ಹೋಗಿ. ಕಾಯಿ, ಮಜ್ಜಿಗೆ ಗೌಡರ ಮನೆಯಿಂದ ಬರುತ್ತದೆ. ಉಳಿದದ್ದು ತೋಟದಲ್ಲಿದೆ: ಕೆಸುವಿನ ಸೊಪ್ಪು, ಬಾಳೆ ದಿಂಡು, ಬಿದ್ದ ಹಲಸಿನ ಬೀಜ. ಕೆಸು ಹುಳಿ ಹಾಕದೆ ಬೇಯಿಸಿದರೆ ಗಂಟಲು ಕೆರೆಯುತ್ತದೆ, ಉಪ್ಪಾಗೆಯೋ ವಾಟೆಹುಳಿಯೋ ಹಾಕಲೇಬೇಕು. ಕಳಲೆಯನ್ನು (ಎಳೆ ಬಿದಿರಿನ ಮೊಳಕೆ) ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಬೇಕು, ಹಸಿಯಾಗಿ ತಿಂದರೆ ವಿಷ. ಅಣಬೆಗೆ ನಾನು ಕೈ ಹಾಕಲೇ ಇಲ್ಲ. ಗೌಡರ ಮನೆಯ ಅಮ್ಮ "ಇದು ತಿನ್ನೋದು" ಎಂದು ಕೊಟ್ಟದ್ದನ್ನು ಮಾತ್ರ ಸಾರು ಮಾಡಿದೆ. ಹಳ್ಳ ಇಳಿದ ದಿನ ಅವರೇ ಕಳಿಸಿದ ಕಡುಬು, ಏಡಿ ಸಾರು ತಿಂದು, ನಾನು ಒಬ್ಬನೇ ಮಾಡಿಕೊಂಡಿದ್ದ ಅಡುಗೆಯನ್ನೆಲ್ಲ ನೆನೆದು ನಾಚಿಕೆಯಾಯಿತು.

ಒಂಟಿತನದ ಬಗ್ಗೆ ಬಹಳ ಬರೆಯುವುದಿಲ್ಲ. ಮೊದಲ ಕೆಲವು ರಾತ್ರಿ ನಿದ್ದೆ ಬರಲಿಲ್ಲ, ಹೆಂಚಿನ ಮೇಲಿನ ಸದ್ದಿನಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸುತ್ತದೆ, ಅದು ಎಲ್ಲರಿಗೂ ಆಗುತ್ತದಂತೆ. ಆಮೇಲೆ ಕಿವಿಗೆ ರೂಢಿಯಾಗುತ್ತದೆ. ಮಳೆ ನಿಂತ ಸಂದಿಯಲ್ಲಿ ಮರಗಪ್ಪೆಗಳು ಶುರು ಮಾಡುತ್ತವೆ, ನೀರಿನ ಮೇಲೆ ಚಾಚಿದ ಎಲೆಗಳಿಗೆ ನೊರೆಯ ಗೂಡು ಅಂಟಿಸುವ ಹಸಿರು ಹಾರುಕಪ್ಪೆಯನ್ನು ಬಚ್ಚಲ ಪಕ್ಕದಲ್ಲೇ ಕಂಡೆ. ಕತ್ತಲಲ್ಲಿ ದೀಪ ಆರಿಸಿ ಸ್ವಲ್ಪ ಹೊತ್ತು ಕಣ್ಣು ಒಗ್ಗಿಸಿದರೆ ಕೊಳೆತ ಮರದ ಮೇಲೆ ಹಸಿರಾಗಿ ಮಿನುಗುವ ಅಣಬೆ ಕಾಣುತ್ತದೆ. ಬರೀ ಆ ಬೆಳಕನ್ನು ನೋಡಲು ಬಂದು ಒಂದು ರಾತ್ರಿ ಇದ್ದು ಹೋಗುವವರೂ ಇದ್ದಾರಂತೆ. ಹಗಲು ಸಿಂಗಳೀಕದ ಸದ್ದು ಕೇಳಿದ್ದೇ ಹೊರತು ನೋಡಲಿಲ್ಲ. ಕಾಡುಕೋಣ ಒಮ್ಮೆ ದಾರಿಯಲ್ಲೇ ನಿಂತಿತ್ತು, ಹಿಂದೆ ಸರಿದು ಬಂದೆ. ಎದುರು ನಿಂತು ಫೋಟೋ ತೆಗೆಯುವ ಪ್ರಾಣಿ ಅಲ್ಲ ಅದು.

ಯಾರು ಹೋಗಬಹುದು? ಅಡುಗೆ ಬರುವವರು, ಒದ್ದೆ ಬಟ್ಟೆ ಸಹಿಸುವವರು, ದಿನವೂ ಔಷಧಿ ಬೇಕಾದ ಕಾಯಿಲೆ ಇಲ್ಲದವರು. ಆಸ್ತಮಾ ಇದ್ದವರು ಬೇಡವೇ ಬೇಡ, ಒಳಗೆ ಹೊಗೆ, ಗೋಡೆಯಲ್ಲಿ ಬೂಷ್ಟು. ಎರಡು ದಿನಕ್ಕೆ ಹೋಗುವುದೂ ವ್ಯರ್ಥ, ಬೆಂಕಿ ಹಚ್ಚುವುದು ಕಲಿಯುವಷ್ಟರಲ್ಲಿ ವಾಪಸ್ ಹೊರಡುವ ಹೊತ್ತಾಗುತ್ತದೆ. ಹೆಂಗಸರು ಒಬ್ಬರೇ ಇದ್ದು ಹೋಗಿದ್ದಾರೆ, ತೊಂದರೆ ಆಗಿಲ್ಲ ಎಂದು ಗೌಡರ ಮನೆಯ ಅಮ್ಮ ಹೇಳಿದರು.

ಬಾಡಿಗೆ ದಿನಕ್ಕೆ 900, ತಿಂಗಳಿಗೆ ತಗೊಂಡರೆ 15,000. ಸೌದೆ, ನೀರು, ಕಾಯಿ, ಮಜ್ಜಿಗೆ ಅದರಲ್ಲೇ ಬಂತು. ನನಗೆ ಇದು ಜಾಸ್ತಿ ಅನ್ನಿಸಲಿಲ್ಲ. ಕಿಟ್ ಕಡ್ಡಾಯ ಎಂದು ಬುಕಿಂಗ್‌ನವರು ಹೇಳುತ್ತಾರೆ, ಕಡ್ಡಾಯ ಅಲ್ಲ, ಬೇಡ ಎಂದು ಬರೆದು ಕಳಿಸಿ. ಆ ದುಡ್ಡಿನಲ್ಲಿ ಕಂಬಳಿ, ಗಂಬೂಟು, ಉಂಬಳದ ಕಾಲುಚೀಲ ಎರಡು ಜೊತೆ, ಬೆರಳ ಸಂದಿಗೆ ಹಾಕುವ ಪೌಡರು ತಗೊಳ್ಳಿ. ಇಂಥ ಯಾವುದೇ ಗುಡಿಸಲು ಬಾಡಿಗೆಗೆ ಹಿಡಿಯುವ ಮುಂಚೆ ಫೋನಿನಲ್ಲಿ ಕೇಳಬೇಕಾದ್ದು ಎರಡು: ಈ ವರ್ಷ ಸೌದೆ ಯಾವಾಗ ಒಳಗೆ ಹಾಕಿದಿರಿ, ಹಳ್ಳಕ್ಕೆ ಸಂಕ ಎಂಥದ್ದು. ಮೊದಲನೆಯದಕ್ಕೆ ತಡವರಿಸಿದರೆ ಮುಂಗಡ ಕೊಡಬೇಡಿ. ಎರಡನೆಯದಕ್ಕೆ ನಮ್ಮ ಗೌಡರು ಏನು ಹೇಳುತ್ತಾರೋ ನೋಡೋಣ, ಅಡಿಕೆ ರೇಟಂತೂ ಈ ವರ್ಷ ಚೆನ್ನಾಗಿದೆ ಎಂದು ಅವರೇ ಫೋನ್ ಮಾಡಿ ಹೇಳಿದರು.